ಚಂದ್ರಭಾಗೆಗೆ ಎಸೆದ ಗುಳಿಗೆಗಳು

ಮಗನ ಜೊತೆ ನಾನು ಅತಿ ಹೆಚ್ಚು ಮಾತಾಡಿದ್ದು ಅವನು ಬಾಯಿ ತೆರೆಯಬಾರದ ಹೊತ್ತಿನಲ್ಲಿ. ಬೆಳಿಗ್ಗೆ ಎಮ್ಮೆ ಹಿಂಡಿ ಬಂದು ಅವನು ಕಟ್ಟೆಯ ಮೇಲೆ ಕೂರುತ್ತಿದ್ದ. ಆಸ್ಪತ್ರೆಯವರು ವಾರಕ್ಕೊಮ್ಮೆ ನನ್ನ ಕೈಗೆ ಕೊಡುತ್ತಿದ್ದ ಗುಳಿಗೆಗಳನ್ನು ನಾನು ಟ್ರಂಕಿನಲ್ಲಿಟ್ಟು, ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡಿದ್ದೆ. ಆ ದಿನದ್ದನ್ನು ತೆಗೆದು ಅವನ ಅಂಗೈಗೆ ಹಾಕುತ್ತಿದ್ದೆ. ಅದನ್ನು ನುಂಗುವಂತಿಲ್ಲ. ನಾಲಿಗೆಯ ಕೆಳಗಿಟ್ಟುಕೊಂಡು, ಕರಗುವ ತನಕ ಸುಮ್ಮನೆ ಕೂರಬೇಕು. ಚಹಾ ಇಲ್ಲ, ತಂಬಾಕು ಇಲ್ಲ, ಮಾತಿಲ್ಲ. ಕರಗಿತೋ ಇಲ್ಲವೋ ನೋಡುವುದು ಮನೆಯವರ ಕೆಲಸ. ನೋಡುತ್ತ ಕೂತು ನಾನು ಊರ ಸುದ್ದಿಯೆಲ್ಲ ಹೇಳುತ್ತಿದ್ದೆ. ಯಾರ ಹೋರಿ ಯಾರ ಕಬ್ಬಿಗೆ ನುಗ್ಗಿತು, ಯಾರ ಬೀಗರು ಊಟ ಬಿಟ್ಟು ಎದ್ದು ಹೋದರು. ಅವನು ಮುಚ್ಚಿದ ಬಾಯಲ್ಲೇ ನಗುತ್ತಿದ್ದ, ಹೊಟ್ಟೆ ಕುಣಿಯುತ್ತಿತ್ತು.

"ನಗಬ್ಯಾಡಲೇ, ನುಂಗಿ ಗಿಂಗೀಯ" ಎನ್ನುತ್ತಿದ್ದೆ. ಇನ್ನೂ ನಗುತ್ತಿದ್ದ.

ಅದಕ್ಕೂ ಮೊದಲಿನ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ನಗು ಇರಲಿಲ್ಲ. ನಮ್ಮೂರು ಶಿರಗುಪ್ಪಿಯ ಸುತ್ತ ಎಲ್ಲಿ ನೋಡಿದರೂ ಕಬ್ಬು, ಮಗ ಕಬ್ಬು ಹೇರುವ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಒಂದು ಹಂಗಾಮಿನಲ್ಲಿ ಟ್ರ್ಯಾಲಿ ಮಗುಚಿ ಬೆನ್ನಿಗೆ ಪೆಟ್ಟಾಯಿತು. ನೋವಿಗೆಂದು ಡಾಕ್ಟರು ಬರೆದುಕೊಟ್ಟ ಗುಳಿಗೆ ಅವನನ್ನು ಬಿಡಲಿಲ್ಲ. ಸಕ್ಕರೆ ಫ್ಯಾಕ್ಟರಿಯ ಮುಂದೆ ಗಾಡಿ ಸಾಲುಗಟ್ಟಿ ಪಾಳಿ ಹಚ್ಚಿದ ಡ್ರೈವರುಗಳ ಕಿಸೆಯಲ್ಲಿ ಅದು ಶೇಂಗಾದಂತೆ ಸಿಗುತ್ತಿತ್ತು. ಮೊದಲು ಬೆನ್ನಿಗೆ, ಆಮೇಲೆ ನಿದ್ದೆಗೆ, ಕಡೆಗೆ ಹಾಸಿಗೆಯಿಂದ ಏಳುವುದಕ್ಕೇ ಅದು ಬೇಕಾಯಿತು. ಸಿಗದ ದಿನ ಮೂಗು ಕಣ್ಣು ಸುರಿಯುತ್ತ, ಕಾಲಲ್ಲಿ ಗೋಡೆ ಒದೆಯುತ್ತ ಹೊರಳಾಡುತ್ತಿದ್ದ. ನನ್ನ ಹೆಂಡತಿ ಮೊದಲೇ ತೀರಿಕೊಂಡಿದ್ದಳು. ಸೊಸೆ ತಾಳಿ ತಾಳಿ ತೆಲಸಂಗದ ತವರಿಗೆ ಹೋದಳು.

ಆದರೆ ದಾರಿ ಹುಡುಕಿದವಳೂ ಅವಳೇ. ಯಾರಿಂದಲೋ ಕೇಳಿ ತಿಳಿದು ಬಂದು, "ಮಾವಾರ, ಆಸ್ಪತ್ರ್ಯಾಗ ಇದಕ್ಕ ಔಷಧ ಐತಂತ. ಅಲ್ಲೇ ಇರೂದೇನ ಬ್ಯಾಡ, ಹೋಗಿ ಬಂದ ಮಾಡಿದ್ರ ಸಾಕಂತ" ಎಂದಳು. ಹೊರರೋಗಿಗಳ ಸಾಲಿನಲ್ಲಿ ಕಡೆಯ ಕೋಣೆ. ಹೊರಗೆ ಕೂರಲು ಒಂದು ಮರದ ಬಾಕು. ಮೊದಲ ದಿನ ಅಲ್ಲಿ ಕೂತಿದ್ದ ಹಳೆಯ ರೋಗಿಯೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ಮಾಮಾ, ಮಗನ ಕಾಯಾಕ ಬಂದೀಯೋ, ನೀನೂ ಗಿರಾಕಿನೋ?"

"ನನ್ನ ಕೊರಳ ನೋಡಿ ಮಾತಾಡಪಾ" ಎಂದೆ. ನನ್ನ ಕೊರಳಲ್ಲಿ ತುಳಸಿ ಮಣಿಯ ಮಾಳ ಇತ್ತು.

"ಅಯ್ಯ, ಮಾಳಕರೀ ಮಂದಿ! ಹಂಗಂದ್ರ ನಿನಗ ಹಲ್ಲನೋವಿನ ಗುಳಿಗಿನೂ ಬ್ಯಾಡ ಬಿಡು" ಎಂದು ನಕ್ಕ. ಮಗನೂ ನಕ್ಕ. ನನಗೆ ಸಿಟ್ಟು ಬಂತು.

ನಮ್ಮ ಕಡೆಯವರಿಗೆ ಮಾಳದ ಬಗ್ಗೆ ಹೇಳಬೇಕಿಲ್ಲ. ಪಂಢರಪುರಕ್ಕೆ ಹೋಗಿ ವಿಠ್ಠಲನ ಎದುರು ಮಾಳ ಹಾಕಿಕೊಂಡರೆ ಅಲ್ಲಿಂದ ಮುಂದೆ ಮಾಂಸವಿಲ್ಲ, ಸೆರೆಯಿಲ್ಲ. ಕುಡಿಯುವ ಗಂಡನಿಗೆ ಹೆಂಡತಿ, ಮಗನಿಗೆ ತಾಯಿ ಹಟ ಹಿಡಿದು ಹಾಕಿಸುತ್ತಾರೆ. ನಾನೂ ಹರೆಯದಲ್ಲಿ ದೊಡ್ಡ ಕುಡುಕ. ನನ್ನ ಅವ್ವ ಕರೆದೊಯ್ದು ಹಾಕಿಸಿದಳು. ಆ ದಿನದಿಂದ ಇಂದಿನವರೆಗೆ ಒಂದು ಹನಿ ಮುಟ್ಟಿಲ್ಲ. ಜೀವನದಲ್ಲಿ ಇದೊಂದೇ ನಾನು ಗೆದ್ದದ್ದು. ಆ ಗೆಲುವಿನ ಸೊಕ್ಕು ನನ್ನ ತಲೆಯಲ್ಲಿ ಕೂತಿತ್ತೆಂದು ಆಗ ಗೊತ್ತಾಗಲಿಲ್ಲ.

ಒಳಗೆ ಡಾಕ್ಟರು ಗುಳಿಗೆ ಬರೆದರು. ಪಕ್ಕದ ಕೋಣೆಯಲ್ಲಿ ಸಮಾಲೋಚನೆಯ ಅಕ್ಕ ಅವನನ್ನು ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಯಾವ ಹೊತ್ತಿಗೆ ಬೇಕೆನಿಸುತ್ತದೆ, ಆಗ ಯಾರು ಜೊತೆಗಿರುತ್ತಾರೆ, ಕೈಗೆ ಬೇರೆ ಏನು ಕೆಲಸ ಕೊಡಬಹುದು ಎಂದೆಲ್ಲ. ಎಮ್ಮೆ ಹಿಂಡುವ ಕೆಲಸ ಅಲ್ಲೇ ಹುಟ್ಟಿದ್ದು. ಅವನ ಮುಖಕ್ಕೆ ಮಾಂಸ ಬಂತು. ಸೊಸೆ ಮನೆಗೆ ಬಂದಳು. ಕಿರಾಣಿ ಅಂಗಡಿಗೆ ಒಬ್ಬನೇ ಹೋಗಿ ನೆಟ್ಟಗೆ ಮನೆಗೇ ಬರುವಂತಾದ.

ಡಾಕ್ಟರನ್ನು ಕೇಳಿದೆ, "ಇನ್ನ ಎಷ್ಟ ದಿವಸರಿ ಇದು?"

"ನಿಮ್ಮ ಬೀಪಿ ಗುಳಿಗಿ ಎಷ್ಟ ದಿವಸ ಅಂತ ಕೇಳೀರೇನ್ರಿ ಅಜ್ಜಾರ? ಇದೂ ಹಂಗ. ಬಿಡೂ ಹೊತ್ತ ಬಂದಾಗ ನಾವ ನಿಧಾನಕ ಇಳಸ್ತೀವಿ. ನಡುವ ನೀವ ಬಿಡಸಬ್ಯಾಡ್ರಿ. ಇದನ್ನ ಬಿಟ್ಟ ಮ್ಯಾಲ ಹಳೇ ಅಳತೀಲೆ ಆ ನೋವಿನ ಗುಳಿಗಿ ನುಂಗಿದ್ರ ಮೈ ತಡಿಯೂದಿಲ್ಲ, ಉಸರ ನಿಂತ ಹೋಗತೈತಿ."

ಸ್ಪಷ್ಟವಾಗಿಯೇ ಹೇಳಿದ್ದರು. ನಾನು ಸ್ಪಷ್ಟವಾಗಿಯೇ ಕೇಳಿದ್ದೆ. ಅರ್ಥವಾಗಿರಲಿಲ್ಲ ಎಂದು ಇಲ್ಲಿ ಬರೆದರೆ ಅದು ಇನ್ನೊಂದು ಪಾಪ.

ಊರಲ್ಲಿ ಭಜನೆಗೆ ಕೂಡಿದಾಗ ಜನ ಆಡಿಕೊಳ್ಳುತ್ತಿದ್ದರು. "ನಿನ್ನ ಮಗಾ ಗುಳಿಗಿ ಬಿಟ್ಟ ಗುಳಿಗಿ ಹಿಡದಾನ ನೋಡು. ಮೊದಲ ತಾನ ತಗೋತಿದ್ದ, ಈಗ ಅಪ್ಪನ ಕೈಲೆ ತಗೋತಾನ!" ತಾಳ ಬಡಿಯುತ್ತಿದ್ದ ನನ್ನ ಕೈ ನಿಂತಿತು. ಅಂದು ಮನೆಗೆ ಬಂದವನೇ ಮಗನಿಗೆ ಹೇಳಿದೆ, ಏಕಾದಶಿಗೆ ಪಂಢರಪುರಕ್ಕೆ ಹೋಗೋಣ, ಮಾಳ ಹಾಕಿಕೋ, ಎಲ್ಲವನ್ನೂ ಬಿಡು.

"ಅಪ್ಪಾ, ಒಮ್ಮೆ ಅಕ್ಕಾರನ್ನ ಕೇಳೂಣು" ಎಂದ.

"ವಿಠ್ಠಲ ದೊಡ್ಡಾಂವೋ, ನಿಮ್ಮ ಅಕ್ಕ ದೊಡ್ಡಾಕಿನೋ?"

ಬಾಯಲ್ಲಿ ಗುಳಿಗೆ ಇರಲಿಲ್ಲ, ಆದರೂ ಅವನು ಬಾಯಿ ತೆರೆಯದೆ ಎಮ್ಮೆಗೆ ಮೇವು ಹಾಕಲು ಎದ್ದು ಹೋದ.

ಪಂಢರಪುರದ ಹೊಳೆ ಚಂದ್ರಭಾಗೆಯ ದಂಡೆಯಲ್ಲಿ ಮಿಂದೆವು. ಉಳಿದ ಗುಳಿಗೆಗಳನ್ನು ನಾನು ಧೋತರದ ಅಂಚಿಗೆ ಕಟ್ಟಿಕೊಂಡು ಹೋಗಿದ್ದೆ. ಒಂದು ಹಿಡಿ ತುಳಸಿಯ ಜೊತೆ ನೀರಿಗೆ ಎಸೆದೆ. ತುಳಸಿ ತೇಲಿತು. ಗುಳಿಗೆಯ ಪಟ್ಟಿ ಸ್ವಲ್ಪ ಹೊತ್ತು ಬಿಸಿಲಿಗೆ ಹೊಳೆದು ಮುಳುಗಿತು. ಮಗ ಅದನ್ನೇ ನೋಡುತ್ತಿದ್ದ. ಕೊರಳಿಗೆ ಮಾಳ ಬಿದ್ದಾಗ ನನ್ನ ಕಾಲಿಗೆ ಬಿದ್ದ. ನಾನು ಅತ್ತೆ. ಸಂತೋಷದಿಂದ ಅತ್ತೆ.

ಮನೆಗೆ ಬಂದ ಮೇಲೆ ಹಳೆಯ ಸಂಕಟ ಶುರುವಾಯಿತು. ಬೆವರು, ಆಕಳಿಕೆ, ವಾಂತಿ, ಕಾಲ ಸೆಳೆತ. ಸೊಸೆ ಬಾಗಿಲಲ್ಲಿ ನಿಂತು ಕೈ ಮುಗಿದಳು. "ಮಾವಾರ, ಆಸ್ಪತ್ರಿಗೆ ಹೋಗಿ ಗುಳಿಗಿ ತರೂಣ್ರಿ. ದೇವರೇನ ಬೈಯೂದಿಲ್ರಿ."

"ಮಾಳ ಹಾಕ್ಕೊಂಡಾನ. ಸುಮ್ನಿರು" ಎಂದೆ. ಮಗನಿಗೆ ನಿಂಬೆ ನೀರು ಕುಡಿಸಿದೆ, ಪಂಢರಪುರದಿಂದ ತಂದ ಕರಿ ಬುಕ್ಕಿಟ್ಟನ್ನು ಹಣೆಗೆ ಹಚ್ಚಿದೆ. ಬರಬರುತ್ತ ಅವನ ಸಂಕಟ ತಣ್ಣಗಾಯಿತು, ಊಟ ಮಾಡತೊಡಗಿದ. ಆಸ್ಪತ್ರೆಯಿಂದ ಫೋನು ಬಂದರೆ "ಆರಾಮ ಆಗ್ಯಾನ್ರಿ, ಇನ್ನ ಬರೂದಿಲ್ಲ" ಎಂದು ನಾನೇ ಹೇಳಿದೆ. ಭಜನೆಯಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದೆ. ಕಟ್ಟೆಯ ಮೇಲೆ ನಾವು ಜೊತೆಗೆ ಕೂರುವುದು ನಿಂತುಹೋಗಿತ್ತು. ಅದನ್ನು ನಾನು ಗಮನಿಸಲೇ ಇಲ್ಲ.

ಕಬ್ಬಿನ ಹಂಗಾಮು ಬಂತು. ಟ್ರ್ಯಾಕ್ಟರ್ ಹತ್ತಿದ, ಬೆನ್ನು ಮತ್ತೆ ಹಿಡಿಯಿತು. ಒಂದು ಮಧ್ಯಾಹ್ನ ಊಟಕ್ಕೆ ಬಂದವನು ಕೊರಳಿನ ಮಾಳ ತೆಗೆದು, ದೇವರ ಪಟದ ಪಕ್ಕದ ಮೊಳೆಗೆ ತೂಗು ಹಾಕಿ ಹೋದ. ಮಾಳ ಕೊರಳಲ್ಲಿದ್ದಾಗ ಆ ಹಳೆಯ ನೋವಿನ ಗುಳಿಗೆ ಮುಟ್ಟಬಾರದೆಂದು. ಅಷ್ಟು ಭಯಭಕ್ತಿ ಅವನಿಗೆ. ನಾನು ಅಂಗಳದಲ್ಲೇ ಇದ್ದೆ, ಒಳಗೆ ಹೋಗಿ ನೋಡಲಿಲ್ಲ.

ಫ್ಯಾಕ್ಟರಿಯ ಮುಂದಿನ ಪಾಳಿಯಲ್ಲಿ ಅವನ ಮುಂದಿನ ಗಾಡಿಗಳು ಸರಿದವು, ಅವನದು ಸರಿಯಲಿಲ್ಲ. ಹಿಂದಿನವರು ಹಾರ್ನ್ ಹೊಡೆದರಂತೆ, "ಎದ್ದೇಳಲೇ ಕುಂಭಕರ್ಣಾ" ಎಂದು ಕೂಗಿದರಂತೆ. ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮಲಗಿದ್ದಾನೆಂದೇ ಅವರು ತಿಳಿದಿದ್ದರು.

ಸೊಸೆ ತೆಲಸಂಗಕ್ಕೆ ಹೋಗುವಾಗ ನನ್ನನ್ನು ಬೈಯಲಿಲ್ಲ. "ನೀವು ನಿಮ್ಮ ಬೀಪಿ ಗುಳಿಗಿ ಹೊಳ್ಯಾಗ ಒಗೀಲಿಲ್ಲರಿ" ಎಂದಳು, ಅಷ್ಟೇ. ಅವನ ಮಾಳ ಈಗಲೂ ಆ ಮೊಳೆಯಲ್ಲಿದೆ. ನನ್ನದು ಕೊರಳಲ್ಲಿದೆ. ತೆಗೆಯಲು ಕೈ ಬರುವುದಿಲ್ಲ, ಇಟ್ಟುಕೊಂಡರೆ ಭಾರ.

ಆಸ್ಪತ್ರೆಗೆ ಒಮ್ಮೆ ಹೋದೆ, ಆ ಅಕ್ಕನಿಗೆ ಎಲ್ಲ ಹೇಳಬೇಕೆಂದು. ಬಾಕಿನ ಮೇಲೆ ರಾಯಬಾಗ ಕಡೆಯವರೊಬ್ಬರು ಕೂತಿದ್ದರು. ಅವರ ಮಗ ಬಾಯಿ ಮುಚ್ಚಿಕೊಂಡು ಗುಳಿಗೆ ಕರಗಿಸುತ್ತಿದ್ದ. ಆ ತಂದೆ ನನ್ನ ಕೊರಳು ನೋಡಿ ಕೈ ಮುಗಿದರು.

"ಮಹಾರಾಜ್ರ, ಇದನ್ನೆಲ್ಲಾ ಬಿಡಿಸಿ ಇವಗ ಮಾಳ ಹಾಕಸಬೇಕಂತ ಮಾಡೇನ್ರಿ. ಬಿಡತಾನ ಅಲ್ರಿ?"

"ಬ್ಯಾಡ್ರಿ" ಎಂದೆ. "ಗುಳಿಗಿ ಬಿಡಸಬ್ಯಾಡ್ರಿ. ನಾ ಬಿಡಸಿ ಮಗನ್ನ ಕಳಕೊಂಡೀನಿ."

ಅವರು ನನ್ನ ಮುಖವನ್ನು ನೋಡಿದರು, ಮತ್ತೆ ಮಾಳವನ್ನು ನೋಡಿದರು. "ಮಾಳ ಹಾಕ್ಕೊಂಡಾವರು ಹಿಂಗ ಮಾತಾಡಬಾರದ್ರಿ" ಎಂದು ಮಗನ ರಟ್ಟೆ ಹಿಡಿದು ಎಬ್ಬಿಸಿದರು. ಹುಡುಗ ತಿರುಗಿ ನನ್ನತ್ತ ನೋಡಿದ. ಗುಳಿಗೆ ಇನ್ನೂ ಕರಗಿರಲಿಲ್ಲ, ಏನೂ ಹೇಳುವಂತಿರಲಿಲ್ಲ. ನಾನು ಹಿಂದೆಯೇ ಹೊರಬೀಳುವಷ್ಟರಲ್ಲಿ ಅವರ ಬಸ್ಸು ಹೊರಟಿತ್ತು.