ಎಸರಿನಲ್ಲಿ ಸತ್ತ ಪುಡಿ

ಮಾಬೂಬಿ, ಆ ಪುಡಿಯನ್ನು ಕೊಂದವಳು ನಾನು. ನಿನ್ನ ಮೇಲೆ ಸುಳ್ಳು ಹೇಳಿದವಳೂ ನಾನೇ.

ಅದಿರಿನ ಲಾರಿಗಳು ಇನ್ನೂ ಓಡುತ್ತಿದ್ದ ಕಾಲ. ಸಾಂಖಳಿಯ ಹತ್ತಿರದ ಮೀನುಹೊಂಡದಲ್ಲಿ ನಮ್ಮಿಬ್ಬರಿಗೂ ಕೆಲಸ. ಪುಡಿಯ ಡಬ್ಬಿ ಕಾಯುವುದು ನಿನ್ನದು, ತವಡು-ಹಿಂಡಿ ಕಲಸಿ ಮೀನಿಗೆ ಉಂಡೆ ಕಟ್ಟುವುದು ನನ್ನದು. ಪುಡಿ ಬೆರೆಸಿದರೆ ಮೀನಿನ ಹೊಟ್ಟೆ ಕೆಡುವುದಿಲ್ಲವಂತೆ. ಅದರಲ್ಲಿ ಬ್ಯಾಕ್ಟೀರಿಯಾ ಇವೆಯಂತೆ, ಜೀವಂತ, ಮೊಸರಿನಲ್ಲಿದ್ದ ಹಾಗೆ! ಕೇಳಿ ಕೇಳಿ ನನಗೆ ತಲೆ ಚಿಟ್ಟು ಹಿಡಿದಿತ್ತು.

"ಶಾಂತಕ್ಕ, ಹಿಟ್ಟು ಆರಿದ ಮ್ಯಾಲೆ ಪುಡಿ ಹಾಕವಾ. ಬಿಸಿಗೆ ಸಾಯ್ತಾವ," ಎಂದು ನೀನು ದಿನಾ ಹೇಳುತ್ತಿದ್ದೆ. ದಿನಾ! ಹಿಟ್ಟು ನಾದುವುದನ್ನು ನನಗೆ ಕಲಿಸುತ್ತಾಳಲ್ಲ ಎಂದು ನನಗೆ ರೇಗುತ್ತಿತ್ತು. ಜೋಳದ ರೊಟ್ಟಿಗೆ ಎಸರು ಸುರಿದು ನಾದಿದ ಕೈ ನನ್ನದು. ಕುದಿಯುವ ನೀರು ಬಿದ್ದರೇ ಉಂಡೆ ಒಡೆಯುವುದಿಲ್ಲ. ಆರುವ ತನಕ ಯಾರು ಕಾಯುತ್ತಾರೆ? ನೀನು ಆಚೆ ಹೋದ ಕೂಡಲೇ ಪುಡಿಯ ಮೇಲೇ ಎಸರು ಸುರಿಯುತ್ತಿದ್ದೆ.

ಮೀನುಗಳು ಹೊಟ್ಟೆ ಉಬ್ಬಿ ಸತ್ತು ತೇಲಿದವು. ಡಬ್ಬಿಯನ್ನು ಬಿಸಿಲಿಗಿಟ್ಟು ಪುಡಿ ಹಾಳು ಮಾಡಿದ್ದೀಯ ಎಂದು ಮಾಲೀಕರು ನಿನ್ನ ಮೇಲೆ ಹರಿಹಾಯ್ದರು. ಪುಡಿ ಸತ್ತದ್ದು ಹೇಗೆಂದು ನನಗೆ ಆಗಲೇ ಹೊಳೆದಿತ್ತು. ನೀನು ನನ್ನ ಕಡೆ ತಿರುಗಿದೆ.

"ಶಾಂತಕ್ಕ ದಿನಾ ನೋಡ್ಯಾಳರಿ. ಆಕಿನ್ನ ಕೇಳ್ರಿ."

ನೋಡಿದ್ದೆ. ಡಬ್ಬಿಗೆ ಹಸಿ ಗೋಣಿ ಸುತ್ತಿ ಮೂಲೆಯಲ್ಲಿಡುತ್ತಿದ್ದೆ ನೀನು. ಎಲ್ಲಾ ಗೊತ್ತಿತ್ತು, ಆದರೂ—

"ಬಿಸಲಾಗ ಇತ್ತರಿ," ಎಂದೆ.

ನಿನ್ನ ಕೆಲಸ ಹೋಯಿತು. ಸಂಜೆಯೊಳಗೆ ನೀನು, ನಿನ್ನ ಗಂಡ ಪಾತ್ರೆಪಗಡ ಕಟ್ಟಿಕೊಂಡು ಉಸಗಾಂವದ ಟೆಂಪೊ ಹತ್ತಿದಿರಿ. ಒಂದು ಮಾತು ಬೈಯಬಾರದಿತ್ತೇ, ನನ್ನವ್ವಾ! ನಿನ್ನ ಖೋಲಿಯನ್ನು ನನಗೆ ಕೊಟ್ಟರು. ತೆಗೆದುಕೊಂಡೆ. ಅಂದಿನಿಂದ ಹಿಟ್ಟು ಆರಿಸಿಯೇ ಪುಡಿ ಬೆರೆಸಿದೆ, ಮೀನು ಚೇತರಿಸಿಕೊಂಡವು. ನೋಡಿದಿರಾ, ತಪ್ಪು ಅವಳದೇ ಎಂದು ಎಲ್ಲರೂ ಅಂದರು. ನಾನು ತಲೆಯಾಡಿಸಿದೆ—ಥೂ!

ಮೊನ್ನೆ ಮಾಲೀಕರಿಗೆ ನಿಜ ಹೇಳಿದೆ. ಹಳೇ ಮಾತು ಬಿಡು ಎಂದು ನಕ್ಕರು. ಎಷ್ಟು ಸಲೀಸು! ಅವರ ಗಂಟೇನು ಹೋಗಬೇಕು? ಮೊದಲು ನಿನಗೆ ಹೇಳಬೇಕಿತ್ತು, ಅದರಲ್ಲೂ ತಪ್ಪಿದೆ.

ನಾಳೆ ಉಸಗಾಂವಕ್ಕೆ ಬರುತ್ತೇನೆ. ನಿನ್ನ ಗಂಡನ ಎದುರು, ನೆರೆಯವರ ಎದುರು ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ: ಡಬ್ಬಿ ನೆರಳಾಗ ಇತ್ತು, ಮಾಬೂಬಿ. ದಿನಾ ನೆರಳಾಗ ಇತ್ತು.