ಭಾವನ ಅಂಗಿಯ ಗುಂಡಿ

ನಮ್ಮ ಭಾವ ಬಸ್ ಡ್ರೈವರ್. ನಾನಿರುವುದು ಎದುರುಮನೆಯಲ್ಲೇ, ಹಾಗಾಗಿ ಅಕ್ಕನ ಮನೆಯ ಸುದ್ದಿಯೆಲ್ಲ ನನಗೆ ಬಾಯಿಪಾಠ. ಭಾವನನ್ನು ಅವರಮ್ಮ ಅಂಗೈಯಲ್ಲಿಟ್ಟು ಸಾಕಿದವರು. ಕುಡಿದ ಲೋಟ ತೊಳೆಯಲೂ ಬಿಟ್ಟವರಲ್ಲ. ಮದುವೆಯಾದ ಹೊಸದರಲ್ಲಿ, ಅವರಮ್ಮ ಊರಲ್ಲಿಲ್ಲದ ದಿನ ಅಕ್ಕನಿಗೆ ಜ್ವರ ಬಂದಾಗ ಈ ಮಹಾರಾಯರು ಉಪ್ಪಿನ ಡಬ್ಬಿ ಯಾವುದೆಂದು ತಿಳಿಯದೆ ಪಿಳಿಪಿಳಿ ಕಣ್ಣು ಬಿಡುತ್ತ ನಿಂತಿದ್ದರು. ಕೊನೆಗೆ ಅಕ್ಕನೇ ಗೋಡೆ ಹಿಡಿದುಕೊಂಡು ಬಂದು ಒಲೆ ಹಚ್ಚಿದಳು. ಆ ನಾಚಿಕೆ ಭಾವನನ್ನು ಇವತ್ತಿಗೂ ಬಿಟ್ಟಿಲ್ಲ.

ಅದಕ್ಕೇ ಮಗಳು ಗುಬ್ಬಿಗೆ ಏಳು ತುಂಬುವ ಮೊದಲೇ ಮನೆಗೆಲಸ ಹಚ್ಚಿದರು. ಅಜ್ಜಿಗೆ, ಅಂದರೆ ಭಾವನ ಅಮ್ಮನಿಗೆ, ಇದು ಸುತರಾಂ ಹಿಡಿಸಲಿಲ್ಲ. ಗುಬ್ಬಿ ತೊಳೆದಿಟ್ಟ ತಟ್ಟೆಗಳನ್ನು ಒಮ್ಮೆ ಅವಳೆದುರಿಗೇ ಮತ್ತೆ ತೊಳೆದರು. ಅಂದಿನಿಂದ ಹುಡುಗಿ ತಟ್ಟೆಗಳತ್ತ ತಿರುಗಿಯೂ ನೋಡಲಿಲ್ಲ. ನನಗೆ ಆ ಮುದುಕಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಆಮೇಲೆ ಭಾವನ ಯೂನಿಫಾರ್ಮಿನ ಗುಂಡಿ ಕಿತ್ತುಬಂತು. ಗುಬ್ಬಿ ನಾಲಿಗೆ ಹೊರಗೆ ಚಾಚಿಕೊಂಡು ಕೂತು ಹೊಲಿದಿಟ್ಟಳು. ಬೆಳಿಗ್ಗೆ ನೋಡಿದರೆ, ಅಂಗಿಯ ಎರಡೂ ಅಂಚುಗಳನ್ನು ಸೇರಿಸಿಯೇ ಹೊಲಿದಿದ್ದಾಳೆ! ಅಕ್ಕ ನಗು ತಡೆಯಲಾರದೆ ಅಡುಗೆಮನೆ ಸೇರಿದಳು. ಅಜ್ಜಿ ಕತ್ತರಿ ತಂದರು.

"ಬೇಡಮ್ಮ," ಎಂದರು ಭಾವ ಮೆಲ್ಲಗೆ. "ತಟ್ಟೆ ಬಿಟ್ಟ ಹಾಗೆ ಸೂಜಿನೂ ಬಿಟ್ಬಿಡ್ತಾಳೆ."

ಅಂಗಿಯನ್ನು ತಲೆಯ ಮೇಲಿಂದ ತೂರಿಸಿಕೊಂಡು, ಅಂಗಳದಲ್ಲಿ ಆಡುತ್ತಿದ್ದ ಮಗಳಿಗೆ "ಗುಂಡಿ ಭಾರಿ ಗಟ್ಟಿಯಾಗಿದೆ ಕಣೇ" ಎಂದು ಹೇಳಿ ಹೊರಟೇಬಿಟ್ಟರು. ಅದು ಸುಳ್ಳೇನಲ್ಲ.

ಸಂಜೆ ನಾನೂ ಅಲ್ಲೇ ಇದ್ದೆ. ಅಂಗಿ ತೆಗೆಯಲು ಹೋಗಿ ಭಾವ ಅದರೊಳಗೇ ಸಿಕ್ಕಿಕೊಂಡು ಒದ್ದಾಡುತ್ತಿದ್ದರು. ಗುಬ್ಬಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಹತ್ತಿರ ಬಂದು ಗುಂಡಿ ಮುಟ್ಟಿ ನೋಡಿದಳು.

"ಅಪ್ಪಾ, ಬೆಳಿಗ್ಗೆನೂ ಹೀಗೇ ಹಾಕ್ಕೊಂಡ್ಯಾ?"

"ಹೂಂ."

ಅವಳ ಮುಖ ಸಪ್ಪಗಾಯಿತು. ಸರಿ, ಇನ್ನು ಸೂಜಿಯ ಕಥೆಯೂ ಮುಗೀತು ಎಂದುಕೊಂಡೆ. ಗುಬ್ಬಿ ಒಳಗೆ ಹೋಗಿ ಕತ್ತರಿ ತಂದಳು.

"ಇಲ್ಲಿ ಕೊಡು, ನಾನು ಮಾಡ್ತೀನಿ," ಎಂದು ಅಜ್ಜಿ ಕೈ ಚಾಚಿದರು.

"ಬೇಡಜ್ಜಿ. ನಾನು ಹೊಲಿದಿದ್ದು, ನಾನೇ ಬಿಚ್ತೀನಿ."

ದಾರವನ್ನೆಲ್ಲ ಕತ್ತರಿಸಿ, ಸೂಜಿ ಆಚೆ ಅಂಚಿಗೆ ದಾಟದಂತೆ ನಡುವೆ ತನ್ನ ಸ್ಕೂಲಿನ ಸ್ಕೇಲು ಇಟ್ಟುಕೊಂಡು ಹೊಲಿದಳು. ಆ ಉಪಾಯ ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಹೊಲಿದ ಮೇಲೆ ಗುಂಡಿ ಹಾಕಿ, ಬಿಚ್ಚಿ, ಮತ್ತೆ ಹಾಕಿ ನೋಡಿದಳು. ಬನಿಯನ್ನಿನಲ್ಲೇ ಕೂತಿದ್ದ ಭಾವನ ಮುಖ ನೋಡಬೇಕಿತ್ತು!

ಅಜ್ಜಿ ಎದ್ದು ಒಳಗೆ ಹೋದರು. ಮುನಿಸಿಕೊಂಡರೇನೋ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಗುಂಡಿ ಬಿದ್ದುಹೋದ ತಮ್ಮ ಸ್ವೆಟರ್ ತಂದು ಮೊಮ್ಮಗಳ ಮಡಿಲಲ್ಲಿ ಇಟ್ಟರು.

"ನಿಧಾನವಾಗಿ ಹೊಲಿ," ಎಂದರು. "ಹೇಗೇ ಬರಲಿ, ನಾನು ಕತ್ತರಿ ಮುಟ್ಟಲ್ಲ."