ಶಾಸನದಲ್ಲಿ ಇಲ್ಲದ ಶಾಪ

ಜಯಮ್ಮನವರೇ, ನಿಮ್ಮ ಮನೆತನಕ್ಕೆ ಯಾವ ಶಾಪವೂ ಇಲ್ಲ. ಆ ಶಾಪದ ಕತೆ ಕಟ್ಟಿದವನು ನಾನು. ನಿಮ್ಮೂರ ಈಶ್ವರನ ಗುಡಿಯ ಅಂಗಳದಲ್ಲಿ ನಿಂತು, ಒಂದು ಮಧ್ಯಾಹ್ನ ಬಾಯಿಗೆ ಬಂದಂತೆ ಕಟ್ಟಿದೆ. ಆಮೇಲೆ, ಅದು ಕಲ್ಲಿನಲ್ಲೇ ಬರೆದಿದೆ ಎಂದೂ ಹೇಳಿದೆ. ಆ ಹಳೆಯ ಲಿಪಿ ನನಗೆ ಓದಲು ಬರುವುದಿಲ್ಲ — ಆಗಲೂ ಬರುತ್ತಿರಲಿಲ್ಲ.

ಹುಣಸೂರಿನಿಂದ ವ್ಯಾನಿನಲ್ಲಿ ಜನರನ್ನು ಕರೆದೊಯ್ದು ಹಳೆಯ ಗುಡಿಗಳನ್ನು ತೋರಿಸುವುದು ನನ್ನ ಕೆಲಸ. ಬೆಟ್ಟದಪುರದ ಬೆಟ್ಟ ಹತ್ತಿ ಇಳಿದವರಿಗೆ ಊಟಕ್ಕೆ ಮುಂಚೆ ಇನ್ನೊಂದು ಜಾಗ ತೋರಿಸಬೇಕಿತ್ತು. ಹುಡುಕುವಾಗ ಸಿಕ್ಕಿದ್ದು ನಿಮ್ಮೂರು. ಶಿಖರ ಬಿದ್ದುಹೋದ ಸಣ್ಣ ಗುಡಿ, ಅಂಗಳದಲ್ಲಿ ಅಕ್ಷರ ಸವೆದ ಒಂದು ಶಾಸನ, ಪಕ್ಕದಲ್ಲಿ ಸತಿ ಹೋದ ಹೆಣ್ಣೊಬ್ಬಳು ಕೈಯೆತ್ತಿ ನಿಂತಿರುವ ಮಾಸ್ತಿಕಲ್ಲು. ಗುಡಿಗೆ ಅಂಟಿಕೊಂಡಂತೆ ನಿಮ್ಮ ಮನೆ. ಅಂಗಳ ಗುಡಿಸಿ, ಕಲ್ಲುಗಳಿಗೆ ನೀರು ಹಾಕಿ, ಆ ಹೆಣ್ಣಿನ ಮುಂದೆ ದಾಸವಾಳ ಇಡುತ್ತಿದ್ದವರು ನೀವು. ಯಾರೂ ಕೇಳದಿದ್ದರೂ ನನ್ನ ಜನಕ್ಕೆಲ್ಲ ಮಜ್ಜಿಗೆ ತಂದುಕೊಡುತ್ತಿದ್ದಿರಿ. ನಾನು ಬಾಯ್ತುಂಬ ವಿವರಿಸುವುದನ್ನು ಕಂಡು ನನ್ನನ್ನು ಮೇಷ್ಟ್ರು ಎಂದು ಕರೆಯತೊಡಗಿದಿರಿ. ನಾನು ಮೇಷ್ಟ್ರಲ್ಲ. ಅಲ್ಲ ಎಂದು ಹೇಳಲೂ ಇಲ್ಲ.

ಮೊದಲ ಸಲ ಬಂದಾಗ ನಾನೇ ನಿಮ್ಮನ್ನು ಗುಡಿಯೊಳಗೆ ಕರೆದಿದ್ದೆ. ನೀವು ಹೊಸ್ತಿಲಾಚೆ ನಿಂತು, "ಹೊಗೆಸೊಪ್ಪು ಮುಟ್ಟಿದ ಕೈ ಕಣಪ್ಪ, ಇನ್ನೂ ಮೈ ತೊಳ್ದಿಲ್ಲ. ನೀವ್ ನೋಡ್ಕಬನ್ನಿ" ಎಂದಿರಿ. ಅಷ್ಟೇ ಕಾರಣ. ಹೊಗೆಸೊಪ್ಪನ್ನು ಬಿಸಿಯಲ್ಲಿ ಹದಮಾಡುವ ಬ್ಯಾರನ್ ಮನೆಯಿಂದ ಕೆಲಸದ ನಡುವೆ ಎದ್ದು ಬಂದವರು ಸ್ನಾನವಿಲ್ಲದೆ ಒಳಗೆ ಬರಲು ಒಪ್ಪಲಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ —

ಒಂದು ದಿನ ಗುಂಪಿನಲ್ಲಿದ್ದ ಹೆಂಗಸೊಬ್ಬರು ನಿಮ್ಮನ್ನು ತೋರಿಸಿ, "ಅವರು ಯಾಕೆ ಒಳಗೆ ಬರೋದಿಲ್ಲ?" ಎಂದು ಕೇಳಿದರು. ಬಿಸಿಲಿಗೆ ಎಲ್ಲರೂ ಬೇಸತ್ತಿದ್ದರು. ನನ್ನ ಮಾತು ಯಾರಿಗೂ ಬೇಡವಾಗಿತ್ತು. ಅದು ನನಗೆ ಸಹಿಸಲಾಗದ ಸಂಗತಿ. ದನಿ ತಗ್ಗಿಸಿ ಶುರುಮಾಡಿದೆ. ಇವರ ಪೂರ್ವಿಕರು ದೇವರ ಒಡವೆ ಕದ್ದರು, ಕಳ್ಳತನವನ್ನು ಇನ್ನೊಬ್ಬನ ತಲೆಗೆ ಕಟ್ಟಿದರು, ಅವನ ಪ್ರಾಣ ಹೋಯಿತು. ಅವನ ಹೆಂಡತಿ ಚಿತೆಯೇರುವ ಮುಂಚೆ ಕೈಯೆತ್ತಿ ಶಪಿಸಿದಳು — ಈ ಮನೆಯ ಹೆಣ್ಣು ಕಾಲಿಟ್ಟ ಮನೆಯಲ್ಲಿ ದೀಪ ಉಳಿಯದಿರಲಿ ಎಂದು. ಅದಕ್ಕೇ ಇವತ್ತಿಗೂ ಇವರು ಗುಡಿಯೊಳಗೆ ಬರುವುದಿಲ್ಲ... ಎಲ್ಲರೂ ಉಸಿರು ಬಿಗಿಹಿಡಿದು ಕೇಳಿದರು. ಯಾರೋ ಅದನ್ನೆಲ್ಲ ಫೋನಿನಲ್ಲಿ ವಿಡಿಯೊ ಮಾಡಿ, ಕೊನೆಗೆ ಫೋನನ್ನು ನಿಮ್ಮ ಕಡೆಗೂ ತಿರುಗಿಸಿದರು. ದೂರದಲ್ಲಿದ್ದ ನಿಮಗೆ ನನ್ನ ಮಾತು ಕೇಳಿಸಿರಲಿಲ್ಲ. ನೀವು ಚೊಂಬು ಹಿಡಿದುಕೊಂಡೇ ನಕ್ಕಿರಿ.

ಆ ವಿಡಿಯೊ ಫೋನಿನಿಂದ ಫೋನಿಗೆ ಹರಿದಾಡಿತು. ನಿಮ್ಮ ಮಗಳು ಪವಿತ್ರಳಿಗೆ ಕೃಷ್ಣರಾಜನಗರದ ಕಡೆ ಗಂಡು ಗೊತ್ತಾಗಿದ್ದ ವಿಷಯ ನೀವೇ ಸಂಭ್ರಮದಿಂದ ನನಗೆ ಹೇಳಿದ್ದಿರಿ. ಮುಂದಿನ ಸಲ ನಾನು ಬಂದಾಗ ಗಂಡಿನ ಕಡೆಯವರು ಅಂಗಳದಲ್ಲಿ ನಿಂತಿದ್ದರು. ಹುಡುಗನ ಸೋದರಮಾವ ಫೋನನ್ನು ನನ್ನ ಮುಂದೆ ಹಿಡಿದರು. "ಇದ್ರಲ್ಲಿ ಮಾತಾಡಿರೋದು ನೀವೇ ಅಲ್ವಾ? ಇದು ನಿಜಾನಾ?"

ನೀವು ನನ್ನ ಕಡೆ ತಿರುಗಿದಿರಿ. "ಮೇಷ್ಟ್ರೇ, ನೀವು ಓದ್ದೋರು. ಅಂಗೇನೂ ಇಲ್ಲ ಅಂತ ಒಂದ್ ಮಾತ್ ಯೋಳ್ಬುಡಿ, ಸಾಕು."

ಒಂದು ಮಾತು. ಆದರೆ ನನ್ನ ಬೆನ್ನ ಹಿಂದೆ ಹೊಸ ಗುಂಪು ನಿಂತಿತ್ತು — ಆ ವಿಡಿಯೊ ನೋಡಿಯೇ ಬಂದವರು. ಸುಳ್ಳು ಎಂದು ಒಪ್ಪಿಕೊಂಡರೆ ಅವರೆದುರು ನನ್ನ ಮುಖ... ನಾನು ಹೇಳಿದೆ: "ಶಾಸನದಲ್ಲಿ ಹಾಗೇ ಇದೆ."

ನೀವು ನನ್ನನ್ನು ಬೈಯಲಿಲ್ಲ. ಶಾಸನದತ್ತ ತಿರುಗಿ ನೋಡಿದಿರಿ, ಇಷ್ಟು ದಿನ ತೊಳೆದ ಕಲ್ಲಿನಲ್ಲಿ ಇದೇ ಇತ್ತೇ ಎನ್ನುವಂತೆ. ನಾನು ಸುಳ್ಳು ಹೇಳಬಹುದೆಂದು ನಿಮಗೆ ಹೊಳೆಯಲೇ ಇಲ್ಲ.

ಪವಿತ್ರಳ ಸಂಬಂಧ ಮುರಿಯಿತು, ಬೇರೆ ಗಂಡೂ ಬರಲಿಲ್ಲ. ಆ ಕಲ್ಲುಗಳನ್ನು ನೀವು ಮುಟ್ಟಕೂಡದೆಂದು ಊರವರು ಹೇಳಿದರು. ನೀವು ಅಂಗಳಕ್ಕೆ ಬರುವುದನ್ನೇ ಬಿಟ್ಟಿರಿ. ನಾನು ಮಾತ್ರ ಬರುತ್ತಲೇ ಇದ್ದೆ. ನಿಮ್ಮ ಮುಚ್ಚಿದ ಬಾಗಿಲಿನತ್ತ ಕೈ ತೋರಿಸಿ "ಅದೇ ಮನೆ" ಎನ್ನುತ್ತಿದ್ದೆ. ಹೌದು, ಅದನ್ನೂ ಮಾಡಿದೆ — ವರ್ಷಗಟ್ಟಲೆ.

ಈಚೆಗೆ ಹೆಗ್ಗಡದೇವನಕೋಟೆ ಕಡೆ ಪ್ರವಾಸ ಹೋದಾಗ ಸರಗೂರಿನಲ್ಲಿ ಒಂದು ಟವೆಲ್ ಕೊಳ್ಳಲೆಂದು ಬಟ್ಟೆ ಅಂಗಡಿಗೆ ಹೋದೆ. ತೆಗೆದು ತೋರಿಸಿದವಳು ಪವಿತ್ರ. ನನಗೆ ಗುರುತು ಸಿಗಲು ತಡವಾಯಿತು, ಅವಳಿಗೆ ತಡವಾಗಲಿಲ್ಲ. "ಇನ್ನೂ ಆ ಕಲ್ಲು ತೋರಿಸ್ತಿದ್ದೀರಾ ಸಾರ್?" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಅವಳು ಟವೆಲ್ ಮಡಿಸುತ್ತಾ ಅಂದಳು: "ನಂದು ಬುಡಿ. ತನ್ನಿಂದ್ಲೇ ಮಗಳ ಬಾಳು ಇಂಗಾಯ್ತು ಅಂತ ನಮ್ಮವ್ವ ಈಗ ದೇವ್ರಿಗೆ ದೀಪಾನೂ ಅಚ್ಚಲ್ಲ."

ಹೋದ ಸೋಮವಾರ ಪೂಜೆಗೆ ಜನ ಸೇರಿದ್ದಾಗ ನಿಮ್ಮೂರಿಗೆ ಬಂದು ಎಲ್ಲರೆದುರು ಹೇಳಿದೆ. ನಾನು ಹೇಳಿದ್ದು ಸುಳ್ಳು, ಶಾಸನ ಓದಲು ನನಗೆ ಬರುವುದಿಲ್ಲ, ಇವರ ಮನೆಗೆ ಶಾಪವಿಲ್ಲ. ಹಿರಿಯರೊಬ್ಬರು ನಕ್ಕರು. "ಪಾಪ, ಆವಮ್ಮನ್ ಮೇಲಿನ್ ಕನಿಕರಕ್ಕೆ ಇಂಗಂತಾವ್ರೆ. ಕಲ್ಲಲ್ಲಿ ಬರ್ದಿರೋದು ಸುಳ್ಳಾದಾತಾ?" ಎಲ್ಲರೂ ತಲೆಯಾಡಿಸಿದರು. ನನ್ನ ಸುಳ್ಳನ್ನು ಅಷ್ಟು ಬೇಗ ನಂಬಿದವರು ನನ್ನ ನಿಜವನ್ನು ನಂಬಲಿಲ್ಲ.

ನೀವು ನಿಮ್ಮ ಜಗುಲಿಯ ಮೇಲೆ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದಿರಿ. ನಾನು ಹತ್ತಿರ ಬಂದಾಗ "ಅವತ್ತು ಯೋಳ್ಬೇಕಿತ್ತು" ಎಂದಷ್ಟೇ ಹೇಳಿ ಎದ್ದು ಒಳಗೆ ಹೋದಿರಿ.

ಅವತ್ತು ಹೇಳಬೇಕಿತ್ತು. ಹಳೆಯ ಲಿಪಿ ಬಲ್ಲವರೊಬ್ಬರನ್ನು ಹುಡುಕಿ ಕರೆತರುತ್ತೇನೆ, ಊರವರೆದುರು ಓದಿಸುತ್ತೇನೆ. ಜನ ಆಗಲೂ ನಂಬದಿದ್ದರೆ ಮತ್ತೆ ಬರುತ್ತೇನೆ, ಮತ್ತೆ ಹೇಳುತ್ತೇನೆ. ಅದರಿಂದ ಪವಿತ್ರಳ ಕಳೆದುಹೋದ ವರ್ಷಗಳು ಬರುವುದಿಲ್ಲ, ಗೊತ್ತು. ನಿಮ್ಮ ಬಳಿ ಕ್ಷಮೆ ಮಾತ್ರ ಕೇಳುವುದಿಲ್ಲ, ಜಯಮ್ಮನವರೇ — ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.